‘ಹೋಗಿ ಬರ್ತೀನಿ’ ಎಂಬ ಮಾತು

ನಮ್ಮ ಊರುಗಳಲ್ಲಿ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ. ‘ಹೋಗಿ ಬರ್ತೀನಿ’ ಎನ್ನುತ್ತಾರೆ. ಇಲ್ಲವೇ ಬರೀ ‘ಬರ್ತೀನಿ’ ಎಂದು ಚಪ್ಪಲಿ ಮೆಟ್ಟುತ್ತಾರೆ. ಅವಸರದಲ್ಲಿ ಯಾರಾದರೂ ‘ಹೋಗ್ತೀನಿ’ ಎಂದುಬಿಟ್ಟರೆ ಮನೆಯ ಹಿರಿಯರು ಅಲ್ಲಿಯೇ ತಡೆದು, ‘ಹಂಗನ್ನಬಾರದು, ಹೋಗಿ ಬರ್ತೀನಿ ಅನ್ನು’ ಎಂದು ತಿದ್ದುತ್ತಾರೆ. ಹೋಗುವುದರ ಜೊತೆಗೇ ಮರಳುವುದನ್ನೂ ಕಟ್ಟಿಕೊಡುವ ಈ ಮಾತು ಉಳಿದವರಿಗೆ ಕೊಡುವ ಒಂದು ಭರವಸೆ.

ಆದರೆ ಈ ಶಿಷ್ಟಾಚಾರವನ್ನು ನಾವು ಒಬ್ಬರ ವಿಷಯದಲ್ಲಿ ಮಾತ್ರ ಪಾಲಿಸುವುದಿಲ್ಲ. ಅದು ಮನೆಯ ಎರಡು ಮೂರು ವರ್ಷದ ಕೂಸು. ಅದಕ್ಕೆ ಹೇಳಿ ಹೊರಟರೆ ಅಳುತ್ತದೆ, ಸೆರಗು ಹಿಡಿಯುತ್ತದೆ, ಬಸ್ಸು ತಪ್ಪುತ್ತದೆ. ಆದ್ದರಿಂದ ಅದು ಮಲಗಿದಾಗ, ಅಥವಾ ಅಜ್ಜಿ ಅದನ್ನು ಹಿತ್ತಿಲಿಗೆ ಕರೆದೊಯ್ದು ಕೋಳಿ ತೋರಿಸುತ್ತಿರುವಾಗ, ನಾವು ಸದ್ದಿಲ್ಲದೆ ಹೊರಟುಬಿಡುತ್ತೇವೆ. ಮಗುವಿಗೆ ಎಚ್ಚರವಾದಾಗ ಪಕ್ಕದ ಜಾಗ ಖಾಲಿ ಇರುತ್ತದೆ. ‘ಅವ್ವ ಎಲ್ಲಿ?’ ಎಂದರೆ ‘ಅಂಗಡಿಗೆ ಹೋಗ್ಯಾಳ, ಈಗ ಬರ್ತಾಳ’ ಎಂಬ ಉತ್ತರ. ಆ ‘ಈಗ’ ಕೆಲವು ಮನೆಗಳಲ್ಲಿ ಒಂದು ಸಂಜೆ. ಇನ್ನು ಕೆಲವು ಮನೆಗಳಲ್ಲಿ ನಾಲ್ಕು ತಿಂಗಳು.

ನಾಲ್ಕು ತಿಂಗಳ ಆ ‘ಈಗ’ ರಾಯಚೂರು ಜಿಲ್ಲೆಯ ಜನರಿಗೆ ಹೊಸದಲ್ಲ. ಅದಕ್ಕೆ ಇಲ್ಲಿ ‘ಗುಳೆ’ ಎಂಬ ಹೆಸರೇ ಇದೆ.

ಹೊಳೆ, ಕಾಲುವೆ ಮತ್ತು ಗುಳೆ

ಸಿಂಧನೂರು ತಾಲ್ಲೂಕಿನ ದಢೇಸುಗೂರು ತುಂಗಭದ್ರೆಯ ದಂಡೆಯ ಊರು. ಹೊಳೆ ದಾಟಿದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸೀಮೆ. ಇಲ್ಲಿಯ ಕೃಷಿ ಸಂಶೋಧನಾ ಕೇಂದ್ರದಿಂದಾಗಿ ರೈತರಿಗೆ ಊರಿನ ಹೆಸರು ಪರಿಚಿತ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಈ ಭಾಗದ ಕಪ್ಪು ನೆಲ ಭತ್ತದ ಗದ್ದೆಯಾಯಿತು. ನಾಟಿಯ ಕಾಲಕ್ಕೆ ಹೊರ ಊರುಗಳಿಂದ ಕೂಲಿಯವರು ಇಲ್ಲಿಗೆ ಬರುತ್ತಾರೆ. ಆದರೆ ಕಾಲುವೆಯ ನೀರು ಎಲ್ಲ ಊರಿಗೂ ಒಂದೇ ಸಮ ಮುಟ್ಟುವುದಿಲ್ಲ. ಕೊನೆಯ ಭಾಗದ ಹೊಲಗಳಿಗೂ ಲಿಂಗಸುಗೂರು, ಮಸ್ಕಿ ಕಡೆಯ ಮಳೆಯಾಶ್ರಿತ ಹೊಲಗಳಿಗೂ ಮುಗಿಲೇ ಗತಿ. ಮಳೆ ಕೈಕೊಟ್ಟ ವರ್ಷ, ಸಾಲ ತೀರಿಸಬೇಕಾದ ವರ್ಷ, ಮಗಳ ಮದುವೆ ಮಾಡಿದ ವರ್ಷ ಗಂಡ ಹೆಂಡತಿ ಗಂಟು ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತುತ್ತಾರೆ. ಹೆಚ್ಚಿನವರು ಹೋಗುವುದು ಬೆಂಗಳೂರಿನ ಕಟ್ಟಡ ಕೆಲಸಕ್ಕೆ.

ಹೊರಡುವ ಮುನ್ನ ಪ್ರತಿ ಮನೆಯಲ್ಲೂ ಒಂದು ತೀರ್ಮಾನ ಆಗಬೇಕು. ಮಗುವನ್ನು ಕರೆದುಕೊಂಡು ಹೋಗುವುದೋ, ಬಿಟ್ಟು ಹೋಗುವುದೋ? ಕರೆದೊಯ್ದರೆ ತಗಡಿನ ಶೆಡ್ಡು, ಜಲ್ಲಿ ಮರಳಿನ ರಾಶಿ, ಕಾವಲಿಲ್ಲದ ನೀರಿನ ತೊಟ್ಟಿ, ತಪ್ಪಿದ ಶಾಲೆ. ಬಿಟ್ಟು ಹೋದರೆ ಮಗುವಿಗೆ ಊರು, ಶಾಲೆ, ಅಜ್ಜಿ ಉಳಿಯುತ್ತವೆ; ಅವ್ವ, ಅಪ್ಪ ಉಳಿಯುವುದಿಲ್ಲ. ಎರಡರಲ್ಲಿ ಯಾವುದನ್ನು ಆರಿಸಿದರೂ ಕರುಳು ನೋಯುತ್ತದೆ. ಹೊರಗಿನವರು ಕುರ್ಚಿಯಲ್ಲಿ ಕುಳಿತು ‘ಮಕ್ಕಳನ್ನು ಬಿಟ್ಟು ಹೋಗಬಾರದು’ ಎಂದು ಬುದ್ಧಿ ಹೇಳುವುದು ಸುಲಭ. ಆ ಬುದ್ಧಿಮಾತಿನಿಂದ ಒಲೆ ಉರಿಯುವುದಿಲ್ಲ. ಈ ಲೇಖನ ಅಂಥ ಬುದ್ಧಿವಾದವಲ್ಲ. ಹೋಗಲೇಬೇಕಾದವರು ಹೇಗೆ ಹೋದರೆ, ಉಳಿದವರು ಹೇಗೆ ನೋಡಿಕೊಂಡರೆ, ಮರಳಿದವರು ಹೇಗೆ ಮರಳಿದರೆ ಮಗುವಿನ ಮನಸ್ಸು ಮುರಿಯದೆ ಉಳಿಯುತ್ತದೆ ಎಂಬುದಷ್ಟೇ ಇಲ್ಲಿಯ ವಿಚಾರ. ಈ ಬಗ್ಗೆ ಕಳೆದ ಎಪ್ಪತ್ತು ವರ್ಷಗಳಲ್ಲಿ ಮನಶ್ಶಾಸ್ತ್ರ ತಿಳಿದುಕೊಂಡದ್ದು ಸ್ವಲ್ಪವಲ್ಲ.

ಹಚ್ಚಿಕೊಳ್ಳುವುದು ಎಂದರೇನು?

‘ಕೂಸು ಅಜ್ಜೀನ ಭಾಳ ಹಚ್ಚಿಕೊಂಡೈತಿ’ ಎನ್ನುತ್ತೇವೆ. ಈ ‘ಹಚ್ಚಿಕೊಳ್ಳುವುದು’ ಎಂಬುದನ್ನೇ ವಿಜ್ಞಾನದ ವಿಷಯವನ್ನಾಗಿ ಮಾಡಿದವರು ಲಂಡನ್ನಿನ ಮನೋವೈದ್ಯ ಜಾನ್ ಬೌಲ್ಬಿ. ಮಗು ತಾಯಿಗೆ ಅಂಟಿಕೊಳ್ಳುವುದು ಹಾಲಿಗಾಗಿ, ಹೊಟ್ಟೆ ತುಂಬಿದರೆ ಸಾಕು ಎಂಬುದು ಆಗಿನ ಪಂಡಿತರ ಎಣಿಕೆ. ಬೌಲ್ಬಿ ಅದನ್ನು ಒಪ್ಪಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಮನೆ ಮಠ ಕಳೆದುಕೊಂಡ ಮಕ್ಕಳ ಸ್ಥಿತಿಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಬರೆದ ವರದಿ 1951ರಲ್ಲಿ ಪ್ರಕಟವಾಯಿತು. ತಾಯಿಯೊಂದಿಗೆ, ಇಲ್ಲವೇ ತಾಯಿಯ ಸ್ಥಾನದಲ್ಲಿ ಸ್ಥಿರವಾಗಿ ನಿಂತವರೊಂದಿಗೆ, ಬೆಚ್ಚನೆಯ ನಿರಂತರ ಸಂಬಂಧ ಮಗುವಿನ ಮನಸ್ಸಿಗೆ ಅನ್ನದಷ್ಟೇ ಅಗತ್ಯ ಎಂಬುದು ಅದರ ಸಾರ. ಬೌಲ್ಬಿಯವರಿಗೆ ಈ ಪ್ರಶ್ನೆ ಪುಸ್ತಕದಿಂದ ಮಾತ್ರ ಬಂದದ್ದಲ್ಲ. ಅವರು ನಾಲ್ಕು ವರ್ಷದವರಿದ್ದಾಗ, ಎತ್ತಿ ಆಡಿಸಿದ ದಾದಿ ಕೆಲಸ ಬಿಟ್ಟು ಹೋದಳು. ಅದು ತಾಯಿಯನ್ನೇ ಕಳೆದುಕೊಂಡಂತಿತ್ತು ಎಂದು ದೊಡ್ಡವರಾದ ಮೇಲೂ ಅವರು ನೆನೆಯುತ್ತಿದ್ದರು.

ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಒಂದು ಚಲನಚಿತ್ರ ತೆಗೆದರು. ಎರಡು ವರ್ಷ ದಾಟಿದ ಒಂದು ಹೆಣ್ಣುಮಗು ಸಣ್ಣ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದುದರ ಚಿತ್ರ ಅದು. ಆ ದಿನಗಳಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳು ತಂದೆತಾಯಿಯರನ್ನು ಮಕ್ಕಳ ಬಳಿ ಹೆಚ್ಚು ಹೊತ್ತು ಬಿಡುತ್ತಿರಲಿಲ್ಲ. ಅವರು ಬಂದರೆ ಮಕ್ಕಳು ಅಳುತ್ತವೆ, ಬಾರದಿದ್ದರೆ ‘ಹೊಂದಿಕೊಳ್ಳುತ್ತವೆ’ ಎಂಬುದು ದಾದಿಯರ ಅನುಭವವಾಗಿತ್ತು. ರಾಬರ್ಟ್‌ಸನ್ ತೋರಿಸಿದ್ದು ಆ ‘ಹೊಂದಿಕೊಳ್ಳುವಿಕೆ’ಯ ಒಳಗನ್ನು. ಅಗಲಿದ ಮಗು ಮೊದಲು ಪ್ರತಿಭಟಿಸುತ್ತದೆ: ಅಳು, ಕೂಗು, ಬಾಗಿಲ ಕಡೆ ನೋಟ. ಆಮೇಲೆ ಹತಾಶೆ: ಮಾತು ಕಡಿಮೆ, ಊಟ ಬೇಡ, ಮೂಲೆ ಹಿಡಿಯುವುದು. ಅಗಲಿಕೆ ಬಹಳ ದಿನವಾದರೆ ಮೂರನೆಯದು: ಮಗು ಮತ್ತೆ ಆಡುತ್ತದೆ, ನಗುತ್ತದೆ, ಆದರೆ ತಾಯಿ ಬಂದಾಗ ಗುರುತು ಇಲ್ಲದಂತೆ ಮುಖ ತಿರುಗಿಸುತ್ತದೆ. ಸುಮ್ಮನಾದ ಮಗು ಸಮಾಧಾನವಾದ ಮಗುವಲ್ಲ ಎಂಬ ಈ ತಿಳಿವಳಿಕೆ ಆಸ್ಪತ್ರೆಗಳ ಪದ್ಧತಿಯನ್ನೇ ಬದಲಿಸಿತು. 1959ರಲ್ಲಿ ಬ್ರಿಟನ್ನಿನ ಸರ್ಕಾರಿ ಸಮಿತಿಯೊಂದು, ತಂದೆತಾಯಿ ಯಾವ ಹೊತ್ತಿಗಾದರೂ ಬಂದು ಮಗುವನ್ನು ನೋಡುವಂತಿರಬೇಕು ಎಂದು ಶಿಫಾರಸು ಮಾಡಿತು.

ಮರಳುವ ಗಳಿಗೆಯ ಪರೀಕ್ಷೆ

ಬೌಲ್ಬಿಯವರ ಜೊತೆ ಕೆಲಸ ಮಾಡಿದ ಮೇರಿ ಐನ್ಸ್‌ವರ್ತ್ 1954-55ರಲ್ಲಿ ಆಫ್ರಿಕದ ಉಗಾಂಡಕ್ಕೆ ಹೋಗಿ, ಕಂಪಾಲದ ಸುತ್ತಲಿನ ಹಳ್ಳಿಗಳ 26 ಕುಟುಂಬಗಳ ಕೂಸುಗಳನ್ನು ಮನೆಗಳಲ್ಲೇ ಕುಳಿತು ಗಮನಿಸಿದರು. ಅಂದರೆ ಈ ಶಾಸ್ತ್ರದ ಮೊದಲ ಪಾಠಗಳಲ್ಲಿ ಕೆಲವು ಕಲಿತದ್ದು ಯೂರೋಪಿನ ಪ್ರಯೋಗಶಾಲೆಯಲ್ಲಲ್ಲ; ಹೊಲ ಮಾಡುವ, ನೆಂಟರಿಷ್ಟರು ತುಂಬಿದ ಹಳ್ಳಿಯ ಅಂಗಳಗಳಲ್ಲಿ. ತೆವಳುವ ಕೂಸು ತಾಯಿಯನ್ನು ಬಿಟ್ಟು ನಾಲ್ಕು ಮಾರು ದೂರ ಹೋಗುತ್ತದೆ, ಹೊರಳಿ ನೋಡುತ್ತದೆ, ಮತ್ತೆ ಮುಂದೆ ಹೋಗುತ್ತದೆ, ಅಂಜಿದರೆ ಓಡಿ ಬರುತ್ತದೆ. ಬೆನ್ನ ಹಿಂದೆ ಗಟ್ಟಿ ನೆಲೆ ಇದೆ ಎಂಬ ನಂಬಿಕೆಯಿದ್ದರೆ ಮಾತ್ರ ಮಗು ಧೈರ್ಯವಾಗಿ ದೂರ ಹೋಗಬಲ್ಲದು ಎಂಬುದನ್ನು ಅವರು ಕಂಡರು. ಹಚ್ಚಿಕೊಂಡ ಮಗು ಪುಕ್ಕಲಾಗುತ್ತದೆ ಎಂಬ ನಮ್ಮ ಹಳೆಯ ಅನುಮಾನಕ್ಕೆ ಇದು ಉತ್ತರ.

ಆಮೇಲೆ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಐನ್ಸ್‌ವರ್ತ್ ಒಂದು ಸರಳ ಪರೀಕ್ಷೆ ರೂಪಿಸಿದರು. ಒಂದು ವರ್ಷದ ಮಗು, ತಾಯಿ, ಆಟಿಕೆಗಳಿರುವ ಅಪರಿಚಿತ ಕೋಣೆ. ತಾಯಿ ಎರಡು ಸಲ ಕೆಲವೇ ನಿಮಿಷ ಹೊರಹೋಗಿ ಮರಳುತ್ತಾಳೆ. ಎಲ್ಲರೂ ನೋಡುವುದು ತಾಯಿ ಹೋದಾಗ ಮಗು ಎಷ್ಟು ಅತ್ತಿತು ಎಂಬುದನ್ನು. ಐನ್ಸ್‌ವರ್ತ್ ನೋಡಿದ್ದು ಅವಳು ಮರಳಿದಾಗ ಏನು ಮಾಡಿತು ಎಂಬುದನ್ನು. ಭದ್ರ ನಂಬಿಕೆಯ ಮಗು ಅತ್ತರೂ ತಾಯಿಯ ತೋಳಿಗೆ ಬಂದು ಸಮಾಧಾನವಾಗಿ, ಮತ್ತೆ ಆಟಕ್ಕೆ ಹೋಗುತ್ತಿತ್ತು. ಕೆಲವು ಮಕ್ಕಳು ಎತ್ತಿಕೊಂಡರೆ ಒದೆಯುವುದು, ಇಳಿಸಿದರೆ ಅಂಟಿಕೊಳ್ಳುವುದು. ಇನ್ನು ಕೆಲವು ತಾಯಿಯನ್ನು ನೋಡಿಯೂ ನೋಡದಂತೆ ಆಟಿಕೆಯ ಕಡೆ ತಿರುಗುತ್ತಿದ್ದವು. ಈ ಕೊನೆಯವು ಗಟ್ಟಿಗ ಮಕ್ಕಳು ಎಂದು ಯಾರಾದರೂ ಭಾವಿಸಬಹುದು. 1977ರಲ್ಲಿ ಬೇರೆ ಸಂಶೋಧಕರು ಅಂಥ ಮಕ್ಕಳ ಎದೆಬಡಿತ ಅಳೆದು ನೋಡಿದಾಗ, ಮುಖದ ಮೇಲೆ ಕಾಣದ ತಳಮಳ ಎದೆಯಲ್ಲಿತ್ತು. ಅತ್ತು ಪ್ರಯೋಜನವಿಲ್ಲ ಎಂದು ಕಲಿತ ಮಗು ಅಳುವುದನ್ನು ಬಿಟ್ಟಿರುತ್ತದೆ, ನೋಯುವುದನ್ನಲ್ಲ.

ಗುಳೆಯಿಂದ ಬಂದ ತಾಯಿಗೆ ಈ ದೃಶ್ಯ ಹೊಸದಲ್ಲ. ನಾಲ್ಕು ತಿಂಗಳು ಸಿಮೆಂಟು ಹೊತ್ತು, ಮಗುವಿಗೆಂದು ಹೊಸ ಅಂಗಿ ತಂದು ಅಂಗಳದಲ್ಲಿ ಕೈ ಚಾಚಿ ನಿಂತರೆ, ಮಗು ಅಜ್ಜಿಯ ಸೀರೆಯ ಹಿಂದೆ ಅಡಗುತ್ತದೆ. ‘ನನ್ನ ಮರತೇಬಿಟ್ಟಿಯೇನೋ?’ ಎಂದು ಅವಳಿಗೆ ಅಳು ಬರುತ್ತದೆ. ಕೆಲವೊಮ್ಮೆ ಸಿಟ್ಟೂ ಬರುತ್ತದೆ. ವಾಸ್ತವದಲ್ಲಿ ಮಗು ಮರೆತಿರುವುದಿಲ್ಲ. ಇನ್ನೊಮ್ಮೆ ನೋಯದಂತೆ ತನ್ನನ್ನು ತಾನು ಕಾಯ್ದುಕೊಳ್ಳುತ್ತಿರುತ್ತದೆ.

ಒಂದೇ ಅಗಲಿಕೆ, ಬೇರೆ ಬೇರೆ ಫಲ

ಹಾಗಾದರೆ ಬಿಟ್ಟು ಹೋದ ಪ್ರತಿ ಮಗುವೂ ಕೆಟ್ಟಿತೆಂದು ತಿಳಿಯಬೇಕೆ? ಇಲ್ಲ. ಇದಕ್ಕೆ ಉತ್ತರವನ್ನು ಹುಡುಕಿದವರೂ ರಾಬರ್ಟ್‌ಸನ್ ಮತ್ತು ಅವರ ಪತ್ನಿ ಜಾಯ್ಸ್ ಅವರೇ. 1960ರ ದಶಕದ ಕೊನೆಯಲ್ಲಿ ಈ ದಂಪತಿ, ತಾಯಿ ಎರಡನೆಯ ಹೆರಿಗೆಗೆ ಆಸ್ಪತ್ರೆಗೆ ಹೋದಾಗ ಅಗಲಬೇಕಾದ ಪುಟ್ಟ ಮಕ್ಕಳನ್ನು ಗಮನಿಸಿದರು. ನಾಲ್ಕು ಮಕ್ಕಳನ್ನು ಬೇರೆ ಬೇರೆ ಸಮಯದಲ್ಲಿ ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಮುಂಚೆಯೇ ಮಗುವಿನ ಪರಿಚಯ ಮಾಡಿಕೊಂಡರು. ಅದರ ಊಟ, ನಿದ್ದೆ, ಹಟಗಳನ್ನು ತಾಯಿಯಿಂದ ಕೇಳಿ ತಿಳಿದರು. ಅದರ ಹೊದಿಕೆ, ಆಟಿಕೆಗಳು ಜೊತೆಗೆ ಬಂದವು. ದಿನವೂ ತಾಯಿಯ ಮಾತು ಎತ್ತುತ್ತಿದ್ದರು, ಫೋಟೊ ತೋರಿಸುತ್ತಿದ್ದರು. ಆ ಮಕ್ಕಳೂ ಅತ್ತರು, ಮಂಕಾದರು, ಕೆರಳಿದರು. ಆದರೆ ಮುರಿಯಲಿಲ್ಲ, ತಾಯಿ ಬಂದಾಗ ಅವಳ ಬಳಿ ಹೋದರು.

ಐದನೆಯ ಮಗು, ಹದಿನೇಳು ತಿಂಗಳ ಜಾನ್, ಒಂಬತ್ತು ದಿನ ಇದ್ದದ್ದು ಶಿಶುನಿಲಯದಲ್ಲಿ. ಅಲ್ಲಿನ ದಾದಿಯರು ಕೆಟ್ಟವರಲ್ಲ. ಆದರೆ ಪಾಳಿಯ ಮೇಲೆ ಬದಲಾಗುತ್ತಿದ್ದರು. ಅವನವರು ಎಂದು ಯಾರೂ ಇರಲಿಲ್ಲ. ಅವನು ಒಬ್ಬೊಬ್ಬರ ಬಳಿಗೂ ಹೋಗಿ ನೋಡಿದ, ಕೊನೆಗೆ ಒಂದು ದೊಡ್ಡ ಆಟದ ಗೊಂಬೆಯ ಮೇಲೆ ಒರಗಿ ಅತ್ತ. ಒಂಬತ್ತನೆಯ ದಿನ ತಾಯಿ ಬಂದಾಗ ಅವಳ ತೋಳಿನಿಂದ ಜಾರಿ ಚೀರಿದ.

ಅಗಲಿಕೆ ಎಲ್ಲರಿಗೂ ಆದದ್ದೇ. ವ್ಯತ್ಯಾಸ ಮಾಡಿದ್ದು ಅಗಲಿಕೆಯ ಸುತ್ತ ಇದ್ದವರು ಮತ್ತು ನಡೆದುಕೊಂಡ ರೀತಿ. ಇದರಲ್ಲಿ ನಮ್ಮ ಹಳ್ಳಿಗಳಿಗೆ ಒಂದು ದೊಡ್ಡ ಸಮಾಧಾನವಿದೆ. ನಮ್ಮಲ್ಲಿ ಕೂಸು ಹಚ್ಚಿಕೊಳ್ಳುವುದು ಒಬ್ಬಳನ್ನೇ ಅಲ್ಲ. ಅಜ್ಜಿ, ಮುತ್ಯಾ, ಚಿಗವ್ವ, ಸೋದರಮಾವ, ಪಕ್ಕದ ಮನೆಯವರು ಹೀಗೆ ಹತ್ತು ಮಡಿಲುಗಳಿರುತ್ತವೆ. ಅವುಗಳಲ್ಲಿ ಒಂದು ಮಡಿಲಾದರೂ ಸ್ಥಿರವಾಗಿರಬೇಕು ಎಂಬುದೇ ಮುಖ್ಯ. ಈ ತಿಂಗಳು ಅಜ್ಜಿ, ಮುಂದಿನ ತಿಂಗಳು ದೊಡ್ಡವ್ವ, ಆಮೇಲೆ ಹಾಸ್ಟೆಲ್ಲು ಎಂದು ಮಗುವನ್ನು ಕೈಯಿಂದ ಕೈಗೆ ದಾಟಿಸಿದರೆ ಅದು ಜಾನ್‌ನ ಸ್ಥಿತಿಗೆ ಬರುತ್ತದೆ.

‘ಏನು ಬಂದೈತಿ?’ ಮತ್ತು ‘ಏನಾತು?’

ಬಿಟ್ಟು ಹೋದ ಮೇಲೆ ಕೆಲವು ಮಕ್ಕಳಲ್ಲಿ ಬದಲಾವಣೆ ಕಾಣುತ್ತದೆ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಮಾಡುತ್ತದೆ. ರಾತ್ರಿ ಚೀರಿ ಏಳುತ್ತದೆ. ಸಣ್ಣ ಮಾತಿಗೆ ಹೊಡೆಯುತ್ತದೆ, ಕಚ್ಚುತ್ತದೆ. ಶಾಲೆಯಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕೂಡುತ್ತದೆ. ರೊಟ್ಟಿ ಕದ್ದು ಹಾಸಿಗೆಯ ಅಡಿ ಇಡುತ್ತದೆ. ಆಗ ನಮ್ಮ ಬಾಯಿಂದ ಬರುವ ಮೊದಲ ಮಾತು, ‘ನಿನಗೇನು ಬಂದೈತಿ ಧಾಡಿ?’ ಎಂಬುದು. ಮಾತಿನ ಜೊತೆಗೆ ಒಂದು ಏಟೂ ಬೀಳುತ್ತದೆ.

ಆಘಾತವನ್ನು ಅರಿತು ಮಕ್ಕಳನ್ನು ಬೆಳೆಸುವುದು ಎಂದು ಇಂದು ತಜ್ಞರು ಏನನ್ನು ಕರೆಯುತ್ತಾರೋ ಅದರ ತಿರುಳು ಈ ಪ್ರಶ್ನೆಯನ್ನು ಬದಲಿಸುವುದರಲ್ಲಿದೆ. ‘ನಿನಗೇನು ಬಂದೈತಿ?’ ಎಂಬ ಜಾಗದಲ್ಲಿ ‘ನಿನಗೇನಾತವ್ವ?’ ಎಂದು ಕೇಳುವುದು. ಮೊದಲನೆಯದು ಮಗುವಿನಲ್ಲಿ ದೋಷ ಹುಡುಕುತ್ತದೆ. ಎರಡನೆಯದು ಮಗುವಿನ ಮೇಲೆ ಬಂದುಹೋದದ್ದನ್ನು ಹುಡುಕುತ್ತದೆ. ಅಂಜಿದ ಮಗುವಿನ ಮೈ ಸದಾ ಎಚ್ಚರದಲ್ಲಿರುತ್ತದೆ. ಬೇಟೆ ನಾಯಿಯ ಸದ್ದು ಕೇಳಿದ ಮೊಲದಂತೆ ಅದರ ಎದೆ, ಉಸಿರು, ಸ್ನಾಯುಗಳು ಓಟಕ್ಕೋ ಹೊಡೆದಾಟಕ್ಕೋ ಸಿದ್ಧವಾಗಿರುತ್ತವೆ. ಆ ಸ್ಥಿತಿಯಲ್ಲಿ ಬುದ್ಧಿಮಾತು ತಲೆಗೆ ಇಳಿಯುವುದಿಲ್ಲ. ಮೊದಲು ಮೈ ಶಾಂತವಾಗಬೇಕು, ಆಮೇಲೆ ಮಾತು. ಏಟು ಆ ಎಚ್ಚರವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಇದು ನಮ್ಮ ಹಿರಿಯರಿಗೆ ತಿಳಿಯದ ವಿಷಯವೇನಲ್ಲ. ‘ಕೂಸು ಅಂಜಿಕೊಂಡೈತಿ’ ಎಂದು ಗುರುತಿಸಿ, ದೃಷ್ಟಿ ತೆಗೆದು, ತಾಯ್ತ ಕಟ್ಟಿಸಿ, ಮಡಿಲಲ್ಲಿ ಮಲಗಿಸಿಕೊಂಡು ತಲೆ ಸವರುತ್ತಿದ್ದರು. ತಾಯ್ತದ ಮಹಿಮೆಯನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಮಗುವಿನ ಹಟದ ಹಿಂದೆ ಅಂಜಿಕೆಯಿದೆ ಎಂಬ ನಿದಾನವೂ, ಅದಕ್ಕೆ ಬೇಕಾದದ್ದು ಒಂದು ಮಡಿಲು ಎಂಬ ಔಷಧವೂ ಸರಿಯಾಗಿಯೇ ಇದ್ದವು. ಅದೇ ಹಿರಿಯರ ಇನ್ನೊಂದು ರೂಢಿಯನ್ನು ಮಾತ್ರ ಬಿಡಬೇಕು. ‘ಊಟ ಮಾಡದಿದ್ರ ಗುಮ್ಮ ಬರ್ತಾನ’, ‘ಹಟ ಮಾಡಿದ್ರ ಬಿಟ್ಟು ಹೋಗ್ತೀನಿ ನೋಡು’ ಎಂಬ ಬೆದರಿಕೆಗಳು. ಬಿಟ್ಟು ಹೋಗುವ ಬೆದರಿಕೆ ಮಕ್ಕಳಲ್ಲಿ ಎಂಥ ದಿಗಿಲು ಹುಟ್ಟಿಸುತ್ತದೆ ಎಂಬುದನ್ನು ಬೌಲ್ಬಿ ತಮ್ಮ 1973ರ ಗ್ರಂಥದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಎಲ್ಲಿಯೂ ಹೋಗದ ತಾಯಿ ಹೀಗೆ ಹೇಳಿದರೆ ಅದು ಬರೀ ಮಾತು. ಗುಳೆ ಹೋಗುವ ಮನೆಯಲ್ಲಿ ಅದು ನಿಜವಾಗುತ್ತದೆ. ನಿನ್ನೆ ಹಟ ಮಾಡಿದ್ದಕ್ಕೇ ಅವ್ವ ಹೋದಳು ಎಂದು ಮೂರು ವರ್ಷದ ಮಗು ಲೆಕ್ಕ ಹಾಕುತ್ತದೆ. ಅದರ ಮೇಲೆ ಬೀಳುವ ಹೊರೆಗಳಲ್ಲಿ ಇದಕ್ಕಿಂತ ಭಾರವಾದದ್ದು ಇಲ್ಲ. ಆದ್ದರಿಂದ ‘ನೀನೇನೂ ತಪ್ಪು ಮಾಡಿಲ್ಲ, ನಾವು ದುಡಿಯಾಕ ಹೊಂಟೀವಿ’ ಎಂಬ ಮಾತನ್ನು ಬಾಯಿಬಿಟ್ಟು ಹೇಳಲೇಬೇಕು.

ಹೋಗುವ, ಇರುವ, ಮರಳುವ ರೀತಿ

ಹೊರಡುವ ನಾಲ್ಕು ದಿನ ಮುಂಚೆಯೇ ಮಗುವಿಗೆ ಹೇಳಬೇಕು. ಅದರ ಭಾಷೆಯಲ್ಲಿ, ಅದರ ಲೆಕ್ಕದಲ್ಲಿ ಹೇಳಬೇಕು. ‘ಏಪ್ರಿಲ್’ ಎಂದರೆ ಅದಕ್ಕೆ ತಿಳಿಯದು. ‘ಯುಗಾದಿ ಬೇವು ಬೆಲ್ಲಕ್ಕ ಬರ್ತೀವಿ’ ಎಂದರೆ ತಿಳಿಯುತ್ತದೆ. ಬರುವುದು ಖಚಿತವಿಲ್ಲದಿದ್ದರೆ ಖಚಿತವೆಂದು ಹೇಳಬಾರದು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿಗೆ ದುಡಿಯಲು ಹೋದ ಎಷ್ಟೋ ಮಂದಿ ಊರಿಗೆ ಬರಲಾರದೆ ಸಿಕ್ಕಿಕೊಂಡರು. ಅಂಥ ಸಂದರ್ಭದಲ್ಲೂ ‘ಬಸ್ಸು ನಿಂತಾವ, ಬಿಟ್ಟ ಕೂಡಲೇ ಬರ್ತೀವಿ’ ಎಂಬ ನಿಜ, ‘ನಾಳೆ ಬರ್ತೀವಿ’ ಎಂಬ ಸುಳ್ಳಿಗಿಂತ ಮಗುವಿಗೆ ಹಿತ. ಹೊರಡುವ ದಿನ ಅದು ಅಳುತ್ತದೆ. ಅಳಲಿ. ಆ ಅಳುವಿಗೆ ಎತ್ತಿಕೊಳ್ಳುವ ತೋಳಿದ್ದರೆ ಅದು ಗಾಯವಾಗುವುದಿಲ್ಲ. ನಿದ್ದೆಯಲ್ಲಿ ಬಿಟ್ಟು ಹೋದರೆ ಅಂದಿನ ಅಳು ತಪ್ಪುತ್ತದೆ. ಅದರ ಬದಲು ಮಗು ನಿದ್ದೆಯನ್ನೇ ಅಂಜುತ್ತದೆ. ಕಣ್ಣು ಮುಚ್ಚಿದರೆ ಇನ್ನಾರು ಕಾಣೆಯಾಗುತ್ತಾರೋ ಎಂದು.

ಮಗುವಿನ ಬಳಿ ತಾಯಿಯದೊಂದು ವಸ್ತು ಉಳಿಯಬೇಕು. ನಮ್ಮ ಸೀಮೆಯಲ್ಲಿ ಅದಕ್ಕೆ ದೂರ ಹುಡುಕಬೇಕಿಲ್ಲ. ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಪ್ರತಿ ಮನೆಯಲ್ಲೂ ಇರುತ್ತದೆ. ತಾಯಿ ಉಟ್ಟ ಸೀರೆಯ ಕೌದಿಯಲ್ಲಿ ಅವಳ ಮೈಯ ವಾಸನೆ ಇರುತ್ತದೆ. ಮಗು ಒಂದು ಬಟ್ಟೆಯನ್ನೋ ಗೊಂಬೆಯನ್ನೋ ಬಿಡದೆ ಹಿಡಿದಿರುವುದು ತಾಯಿಯ ಇರವಿಗೂ ಇಲ್ಲದಿರುವಿಕೆಗೂ ನಡುವಿನ ಸೇತುವೆ ಎಂದು ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ 1950ರ ದಶಕದ ಆರಂಭದಲ್ಲೇ ಬರೆದರು. ಹೊಲಸಾಗಿದೆ ಎಂದು ಅದನ್ನು ಒಗೆದುಹಾಕುವ ಅವಸರ ಬೇಡ.

ದೂರವಿದ್ದಾಗ ಫೋನು ಈಗ ಎಲ್ಲರ ಕೈಯಲ್ಲಿದೆ. ಬೇಕಾದಾಗ ಹತ್ತು ಸಲ ಮಾಡಿ ಬೇಡವಾದಾಗ ವಾರಗಟ್ಟಲೆ ಮರೆಯುವುದಕ್ಕಿಂತ, ದಿನವೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದೇ ಸಲ ಮಾಡುವುದು ಮೇಲು. ಮಗು ಮಾತನಾಡಲು ಬಾರದೆ ಓಡಿಹೋದರೂ ಅವ್ವ ಮಾಡುತ್ತಾಳೆ ಎಂಬುದು ಅದಕ್ಕೆ ತಿಳಿದಿರುತ್ತದೆ. ಅಜ್ಜಿ ‘ಅವ್ವನ ಸುದ್ದಿ ಎತ್ತಿದರೆ ಅಳುತ್ತದೆ’ ಎಂದು ಆ ಹೆಸರನ್ನೇ ಮನೆಯಲ್ಲಿ ಮುಚ್ಚಿಡಬಾರದು. ಹೆಸರು ಕೇಳಿ ಅಳುವ ಮಗು ಇನ್ನೂ ನಂಬಿಕೆ ಕಳೆದುಕೊಳ್ಳದ ಮಗು.

ಮರಳಿ ಬಂದವರು ಕೂಡಲೇ ಎತ್ತಿಕೊಳ್ಳಲು ಹೋಗಬಾರದು. ಹತ್ತಿರ ಕುಳಿತು, ಅಜ್ಜಿಯೊಂದಿಗೆ ಮಾತನಾಡುತ್ತಾ, ಮಗು ತಾನಾಗಿ ಬರುವವರೆಗೆ ಕಾಯಬೇಕು. ಅದು ಮುಖ ತಿರುಗಿಸಿದರೆ, ಒದ್ದರೆ, ‘ನೀ ಹೋಗು’ ಎಂದರೆ ತಾಯಿ ಹೇಳಬಹುದಾದ ಮಾತು, ‘ನಿನಗ ಸಿಟ್ಟು ಬಂದೈತಿ, ನಾ ಬಿಟ್ಟು ಹೋಗಿದ್ನಲ್ಲ’ ಎಂಬುದು. ಸಿಟ್ಟಿಗೆ ಹೆಸರು ಸಿಕ್ಕರೆ ಅರ್ಧ ಸಿಟ್ಟು ಇಳಿಯುತ್ತದೆ. ‘ಅಜ್ಜಿ ಬೇಕೋ ನಾ ಬೇಕೋ’ ಎಂಬ ಪ್ರಶ್ನೆಯನ್ನು ಮಾತ್ರ ಕೇಳಬಾರದು. ನಾಲ್ಕು ತಿಂಗಳು ಮಗುವನ್ನು ಉಳಿಸಿದ್ದು ಆ ಅಜ್ಜಿಯ ಮಡಿಲು.

ದೊಡ್ಡವರ ಗಾಯ

ಇಷ್ಟೆಲ್ಲ ಹೇಳುವಾಗ ಒಂದು ಮಾತನ್ನು ಮರೆಯಬಾರದು. ಮಗುವನ್ನು ಬೆಳೆಸುವವರೂ ಒಂದು ಕಾಲಕ್ಕೆ ಮಕ್ಕಳಾಗಿದ್ದವರು. ಇಂದು ಬಸ್ಸು ಹತ್ತುವ ಅಪ್ಪ, ಮೂವತ್ತು ವರ್ಷದ ಹಿಂದೆ ತನ್ನ ಅಪ್ಪನ ಬಸ್ಸಿನ ಹಿಂದೆ ಓಡಿದ ಹುಡುಗನಿರಬಹುದು. ‘ನಾವು ಬೆಳೀಲಿಲ್ಲೇನು? ನಮಗೇನಾಗೈತಿ?’ ಎಂದು ಮಗುವಿನ ಅಳುವನ್ನು ಗದರುವವನ ಗಂಟಲಲ್ಲಿ ಕೆಲವೊಮ್ಮೆ ತನ್ನದೇ ಹಳೆಯ ಅಳು ಸಿಕ್ಕಿಕೊಂಡಿರುತ್ತದೆ. ಅಮೆರಿಕದ ಸೆಲ್ಮಾ ಫ್ರೈಬರ್ಗ್ 1975ರ ಪ್ರಬಂಧವೊಂದರಲ್ಲಿ ಇದನ್ನು ತೊಟ್ಟಿಲ ಕೋಣೆಯ ದೆವ್ವಗಳು ಎಂದು ಕರೆದರು. ನೆನಪಿನಿಂದ ದೂಡಿದ ನೋವು ಮುಂದಿನ ತಲೆಮಾರಿನ ತೊಟ್ಟಿಲ ಬಳಿ ಬಂದು ನಿಲ್ಲುತ್ತದೆ ಎಂಬುದು ಅವರ ಅರ್ಥ.

ಸಿಂಧನೂರಿನ ಸುತ್ತ ಆರ್.ಎಚ್. ಕ್ಯಾಂಪುಗಳೆಂದು ಕರೆಯುವ ಊರುಗಳಿವೆ. ಆಗಿನ ಪೂರ್ವ ಪಾಕಿಸ್ತಾನವನ್ನು ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ 1970ರ ದಶಕದ ಆರಂಭದಲ್ಲಿ ಸರ್ಕಾರ ಇಲ್ಲಿ ನೆಲೆ ಕಲ್ಪಿಸಿತು. ಊರು, ಹೊಳೆ, ಭಾಷೆ ಎಲ್ಲ ಕಳೆದುಕೊಂಡು ಬಂದವರು ಈ ಒಣ ಸೀಮೆಯಲ್ಲಿ ಮಕ್ಕಳನ್ನು ಸಾಕಿದರು. ಗುಳೆ ಹೋದವರು ಮರಳಲು ಒಂದು ಊರಿದೆ. ಅವರಿಗೆ ಅದೂ ಇರಲಿಲ್ಲ. ಕಳೆದುಕೊಂಡವರು ಮಕ್ಕಳಿಗೆ ಏನನ್ನು ದಾಟಿಸುತ್ತಾರೆ ಎಂಬ ಪ್ರಶ್ನೆ, ಹೀಗೆ, ಈ ತಾಲ್ಲೂಕಿನ ಹಲವು ಬಗೆಯ ಮನೆಗಳಿಗೆ ಸೇರಿದ್ದು.

ಇದಕ್ಕೆ ಸಿಕ್ಕಿರುವ ಉತ್ತರ ನಿರಾಶೆಯದಲ್ಲ. ಮೇರಿ ಮೇನ್ ಎಂಬ ಸಂಶೋಧಕಿ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ತಂದೆತಾಯಿಯರನ್ನು ಕೂರಿಸಿಕೊಂಡು ಅವರ ಬಾಲ್ಯದ ಬಗ್ಗೆ ಕೇಳಿದರು. ಬಾಲ್ಯ ಸುಖದ್ದೋ ಕಷ್ಟದ್ದೋ ಎಂಬುದಕ್ಕಿಂತ ಅದನ್ನು ಹೇಗೆ ಹೇಳಿದರು ಎಂಬುದೇ ಅವರ ಮಕ್ಕಳ ನಂಬಿಕೆಯ ಬಗ್ಗೆ ಹೆಚ್ಚು ತಿಳಿಸಿತು. ಕಷ್ಟದ ಬಾಲ್ಯವನ್ನು ಮುಚ್ಚದೆ, ಅದರಲ್ಲೇ ಮುಳುಗದೆ, ಆದದ್ದನ್ನು ಆದಂತೆ ಹೇಳಬಲ್ಲವರ ಮಕ್ಕಳು ಬಹುಮಟ್ಟಿಗೆ ಭದ್ರವಾಗಿ ಹಚ್ಚಿಕೊಂಡಿದ್ದವು. ‘ನನ್ನನ್ನು ಬಿಟ್ಟು ಹೋದಾಗ ನನಗೆ ಬಹಳ ಅಂಜಿಕೆಯಾಗಿತ್ತು’ ಎಂದು ಒಬ್ಬ ಅಪ್ಪ ಒಮ್ಮೆ ಹೆಂಡತಿಯ ಮುಂದೆ ಹೇಳಿಕೊಂಡರೆ, ಅದರ ಲಾಭ ಮಗನಿಗೂ ಮುಟ್ಟುತ್ತದೆ.

ಇನ್ನೊಂದು ಸಮಾಧಾನವೂ ಇದೆ. ತಪ್ಪೇ ಮಾಡದ ತಾಯಿ ಎಲ್ಲಿಯೂ ಇಲ್ಲ. ತಾಯಿ ಮಗುವಿನ ಮುಖಾಮುಖಿಯನ್ನು ಕ್ಷಣ ಕ್ಷಣ ಅಳೆದ ಎಡ್ವರ್ಡ್ ಟ್ರಾನಿಕ್, ಚೆನ್ನಾಗಿರುವ ಜೋಡಿಗಳಲ್ಲೂ ಇಬ್ಬರ ತಾಳ ಕೂಡುವುದು ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಎಂದು ಕಂಡರು. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಕೂಡಿಸಿಕೊಳ್ಳುವುದು. ಮಗು ನಂಬಿಕೆಯನ್ನು ಕಲಿಯುವುದು ಈ ಕೂಡಿಸಿಕೊಳ್ಳುವುದರಿಂದಲೇ. ದಣಿದು ಬಂದ ಸಂಜೆ ಕೈ ಮಾಡಿದ್ದಾದರೆ, ಸಿಟ್ಟಿಳಿದ ಮೇಲೆ ಹತ್ತಿರ ಕರೆದು ‘ನಾ ಹೊಡೀಬಾರದಿತ್ತು’ ಎಂದರೆ ಹಿರಿಯರ ಮರ್ಯಾದೆ ಕಡಿಮೆಯಾಗುವುದಿಲ್ಲ.

ಊರಿನ ಪಾಲು

ಎಲ್ಲವನ್ನೂ ತಾಯಿಯ ತಲೆಗೇ ಕಟ್ಟುವುದು ಅನ್ಯಾಯ. ಅಂಗನವಾಡಿಗಳ ಮೂಲವಾದ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ.ನರಸೀಪುರಕ್ಕೆ, ಇಂದು ಅಂಗನವಾಡಿ ಇಲ್ಲದ ಊರು ಅಪರೂಪ. ಹಳ್ಳಿಯ ದುಡಿಯುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿತು. ಗುಳೆ ಹೋಗುವವರ ಮಕ್ಕಳಿಗಾಗಿ ಶಿಕ್ಷಣ ಇಲಾಖೆ ಹಂಗಾಮಿ ವಸತಿ ಕೇಂದ್ರಗಳನ್ನು ನಡೆಸಿದ್ದೂ ಉಂಟು. ಇವುಗಳಲ್ಲಿ ಊಟದ ಲೆಕ್ಕದ ಜೊತೆ ಇನ್ನೊಂದು ಲೆಕ್ಕವೂ ಬೇಕು: ಈ ಮಗುವಿನ ಹೆಸರು, ಅದರ ಅಂಜಿಕೆ, ಅದರ ಇಷ್ಟ ಬಲ್ಲ ಒಬ್ಬರು ಇಲ್ಲಿ ಇದ್ದಾರೆಯೇ, ಮತ್ತು ಅವರು ನಾಳೆಯೂ ಇರುತ್ತಾರೆಯೇ ಎಂಬುದು. ಹಾಜರಿ ಕರೆಯುವಾಗ ‘ಅಪ್ಪ ಫೋನ್ ಮಾಡಿದ್ನೇನೋ?’ ಎಂದು ಕೇಳುವ ಮೇಷ್ಟ್ರು ತಾವು ತಿಳಿಯದೆಯೇ ಚಿಕಿತ್ಸೆ ಮಾಡುತ್ತಿರುತ್ತಾರೆ.

ತಿಂಗಳು ಕಳೆದರೂ ಮಗು ಉಣ್ಣದೆ, ಮಾತನಾಡದೆ, ತನ್ನನ್ನೋ ಇತರರನ್ನೋ ನೋಯಿಸುತ್ತಿದ್ದರೆ, ಅಥವಾ ಅದರ ಮೇಲೆ ಯಾರಾದರೂ ಕೈ ಮಾಡಿರುವ ಸಂಶಯವಿದ್ದರೆ, ಅದು ಮನೆಮದ್ದಿನ ವಿಷಯವಲ್ಲ. ದಢೇಸುಗೂರಿನಿಂದ ಹೊಳೆಯಾಚೆಗಿರುವ ಬಳ್ಳಾರಿ ಜಿಲ್ಲೆಯಲ್ಲೇ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮನೋರೋಗದ ಚಿಕಿತ್ಸೆ ಕಲಿಸುವ ಪ್ರಯೋಗ ಮಾಡಿತು. ಅದೇ ‘ಬಳ್ಳಾರಿ ಮಾದರಿ’ ಎಂಬ ಹೆಸರಿನಲ್ಲಿ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ಇಂದು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಬಹುದು. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಆಪ್ತಸಲಹೆ ಸಿಗುತ್ತದೆ. ಮಗು ಅಪಾಯದಲ್ಲಿದ್ದರೆ 1098.

ಗುಳೆ ಇಲ್ಲದಾಗಬೇಕು ಎಂಬುದು ನಿಜ. ಅದಕ್ಕೆ ಕಾಲುವೆಯ ಕೊನೆಗೂ ನೀರು, ಊರಲ್ಲೇ ಕೆಲಸ, ನ್ಯಾಯವಾದ ಕೂಲಿ ಬೇಕು. ಅದು ಬರುವವರೆಗೆ ರಾತ್ರಿ ಬಸ್ಸುಗಳು ಹೊರಡುತ್ತಲೇ ಇರುತ್ತವೆ. ಆದರೆ ಖರ್ಚಿಲ್ಲದ ಒಂದು ಕೆಲಸವನ್ನು ಇಂದೇ ಮಾಡಬಹುದು. ಮನೆಯ ಅಳಿಯನಿಗೆ, ಬೀಗರಿಗೆ, ನೆರೆಯವರಿಗೆ ತಪ್ಪದೆ ಹೇಳುವ ಆ ಮಾತನ್ನು ಮನೆಯ ಅತಿ ಚಿಕ್ಕ ಸದಸ್ಯನಿಗೂ ಹೇಳುವುದು. ಅವನು ಎಚ್ಚರವಿರುವಾಗ, ಅವನ ಕಣ್ಣು ನೋಡಿ, ‘ಹೋಗಿ ಬರ್ತೀನಿ’ ಎನ್ನುವುದು. ಆಮೇಲೆ ಹೇಳಿದಂತೆ ಬರುವುದು.